ಚರ್ಚಿನ್ಯಾಗ ಗೋಧಿ ರೊಟ್ಟಿ, ದ್ರಾಕ್ಷಿ ರಸಾನ ಯಾಕ್ರಿ? ನಮ್ಮ ಜ್ವಾಳ ನಡ್ಯಂಗಿಲ್ಲೇನು?

ಹೊಳಿದಂಡಿ_ಬಾಗಲಕೋಟಿ
ಶರಣ್ರಿ ಎಲ್ಲಾರಿಗೂ. ಮೊನ್ನೆ ಬೆಳಗಾವಿ ಕ್ಯಾಂಪಿನ್ಯಾಗ ಆಫೀಸಿನ ದೋಸ್ತನ ಮದುವಿಗೆ ಹೋಗಿದ್ದೆ, ಅವರು ಕ್ಯಾಥೊಲಿಕ್. ಮದುವಿ ಜೋಡಿ ಪೂಜಿನೂ ಇತ್ತು, ಕಡೀಕ ಮಂದಿ ಸಾಲ ಹಚ್ಚಿ ಮುಂದ ಹೋಗಿ ಒಂದೊಂದು ತೆಳ್ಳನ ಬಿಳಿ ಬಿಲ್ಲೆ ಇಸ್ಕೊಂಡು ಬಾಯಾಗ ಹಾಕ್ಕೊಂಡು ಬಂದ್ರು. ನಾನೂ ಎದ್ದೆ, ನಮ್ಮ ಮಠದಾಗ ಪ್ರಸಾದಕ್ಕ ಯಾರಿಗೂ ಬ್ಯಾಡ ಅನ್ನಂಗಿಲ್ಲ ನೋಡ್ರಿ, ಬಾಜೂಕ ಕುಂತಿದ್ದ ಅವರ ಕಾಕಾ ಅಂಗಿ ಹಿಡದು ಮೆಲ್ಲಕ ಜಗ್ಗಿ ಕುಂದ್ರಿಸಿದ್ರು. ಸಿಟ್ಟೇನಿಲ್ರಿ, ಆಮ್ಯಾಲ ಊಟದಾಗ ಅವರಽ ನಿಂತು ಬಡಿಸಿದ್ರು, ಆದ್ರ ತಲ್ಯಾಗ ಹುಳಾ ಬಿಟ್ಟಂಗಾಗೇತಿ.

ಅದು ನಮ್ಮ ಪ್ರಸಾದದಂಗಽ ಏನು, ಇಲ್ಲಾ ಬ್ಯಾರೆನಾ? ವೈನ್ ಬರೇ ಗುರುಗಳು ಕುಡದ್ರು, ಮದುಮಗ ಮದುಮಗಳಿಗೆ ಮಾತ್ರ ಬಿಲ್ಲೆ ಅದ್ದಿ ಕೊಟ್ಟರು, ಉಳದವರಿಗೆ ಯಾಕಿಲ್ಲ? ಇನ್ನೊಬ್ಬ ದೋಸ್ತ ಮೆಥೋಡಿಸ್ಟ್, ಅವ ಅಂತಾನ ನಮ್ಮಲ್ಲಿ ಬ್ರೆಡ್ ತುಂಡು ಮತ್ತ ದ್ರಾಕ್ಷಿ ಜ್ಯೂಸು, ವೈನ್ ಇಲ್ಲಾ ಅಂತ. ಒಂದಽ ಧರ್ಮ, ಎರಡು ನಮೂನಿ. ಮತ್ತ ಶರೀರ, ರಕ್ತ ಅಂತ ಮೈಕಿನ್ಯಾಗ ಅಂದಾಗ ನನ್ನಂಥಾ ಶುದ್ಧ ಸಸ್ಯಾಹಾರಿಗೆ ಹೊಟ್ಟ್ಯಾಗ ಒಂಥರಾ ಆತು, ಖರೇ ಹೇಳ್ತೀನಿ. ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳ್ರಿ.

ಕ್ಯಾಂಪ್_ಕಟ್ಟಿ
ಅಣ್ಣಾರ, ಅಂಗಿ ಜಗ್ಗಿದ ಕಾಕಾನ ಪರವಾಗಿ ನಾ ಉತ್ರ ಕೊಡ್ತೀನಿ, ನಮ್ಮ ಮನ್ಯಾಗೂ ಅಂಥಾ ಕಾಕಾಗಳು ಭಾಳ ಅದಾರ. ಮೊದಲ ಆ ಬಿಲ್ಲೆ ಏನು ಅಂತ. ಮನ್ಯಾಗ ನಾವು ಕೊಂಕಣಿ ಮಂದಿ ಓಸ್ತಿ ಅಂತೀವಿ, ಕನ್ನಡ ಪೂಜ್ಯಾಗ ಪರಮಪ್ರಸಾದ. ಗೋಧಿ ಹಿಟ್ಟು, ನೀರು, ಮುಗೀತು, ಉಪ್ಪಿಲ್ಲ ಸಕ್ರಿಯಿಲ್ಲ ಯೀಸ್ಟಿಲ್ಲ. ತೆಳ್ಳಗ ಕಲಸಿದ ಹಿಟ್ಟನ್ನ ಕಾದ ಎರಡು ಕಬ್ಬಿಣದ ತಟ್ಟಿ ನಡುವ ಸುರದು ಒತ್ತಿದ್ರ ಶಿಲುಬಿ ಗುರ್ತು ಮೂಡಿದ ದೊಡ್ಡ ಹಾಳಿ ಬರ್ತೈತಿ, ಗರಿಗರಿ ಇದ್ದಾಗ ಕತ್ತರಿಸಿದ್ರ ಚೂರಾಗ್ತೈತಿ ಅಂತ ಸ್ವಲ್ಪ ಹಸಿ ಗಾಳಿಗೆ ಇಟ್ಟು ಮೆತ್ತಗ ಮಾಡಿ ಆಮ್ಯಾಲ ದುಂಡಗ ಕತ್ತರಸ್ತಾರ. ಸಣ್ಣವರಿದ್ದಾಗ ಕಾನ್ವೆಂಟಿನ ಸಿಸ್ಟರು ಉಳಿದ ಅಂಚು ಚೂರು ಕಾಗದದ ಪೊಟ್ಟಣದಾಗ ಕಟ್ಟಿ ಕೊಡ್ತಿದ್ರು, ತಿಂದ್ರ ಏನೂ ರುಚಿ ಇರಂಗಿಲ್ಲ ಆದ್ರೂ ಜಗಳಾಡಿ ತಿಂತಿದ್ವಿ.

ಆ ಅಂಚಿನ ಚೂರು ಬರೇ ತಿಂಡಿ. ಅದಽ ಹಾಳ್ಯಾಗಿಂದ ಕತ್ತರಿಸಿದ ದುಂಡ ಬಿಲ್ಲೆ ಪೂಜ್ಯಾಗ ಪೀಠದ ಮ್ಯಾಲ ಹೋಗಿ ಗುರುಗಳು ಯೇಸುವಿನ ಮಾತು ಅಂದ ಮ್ಯಾಲ ನಮಗ ಅದು ಕ್ರಿಸ್ತನ ಶರೀರಾನ. ಗುರ್ತು ಅಲ್ಲ, ನೆನಪಿನ ವಸ್ತು ಅಲ್ಲ. ಅದಕ್ಕಽ ಉಳದದ್ದನ್ನ ಪೆಟ್ಟಿಗ್ಯಾಗ ಕೀಲಿ ಹಾಕಿ ಇಡ್ತಾರ, ಬಾಜೂಕ ಕೆಂಪು ದೀಪ ಹಗಲು ರಾತ್ರಿ ಉರೀತಿರತೈತಿ. "ಕ್ರಿಸ್ತನ ಶರೀರ" ಅಂತ ಗುರುಗಳು ಅಂದಾಗ ಇಸ್ಕೊಳ್ಳಾಂವ "ಆಮೆನ್" ಅಂತಾನ, ಅಂದ್ರ ಹೌದು, ನಾ ಇದನ್ನ ನಂಬ್ತೀನಿ, ಈ ಸಭಾದಾಂವ ಅದೀನಿ ಅಂತ. ನೀವು ಹಂಗ ನಂಬದ ಆಮೆನ್ ಅನ್ನೂದು ನಿಮಗೂ ಚಂದ ಅಲ್ಲ, ನಮಗೂ ಅಲ್ಲ. ಕೀಳು ಮಾಡಾಕ ಅಲ್ರಿ ನಿಲ್ಲಿಸಿದ್ದು. ಕ್ಯಾಥೊಲಿಕ್ ಅಲ್ಲದ ಕ್ರೈಸ್ತರಿಗೂ ಸಾಮಾನ್ಯವಾಗಿ ಕೊಡಂಗಿಲ್ಲ, ಅಷ್ಟಽ ಯಾಕ ನಮ್ಮವರಽ ದೊಡ್ಡ ಪಾಪ ಮಾಡಿ ಪಾಪನಿವೇದನೆ ಮಾಡಿರದಿದ್ರ ಬೆಂಚಿನ್ಯಾಗ ಕುಂದ್ರಬೇಕು.

ಸುಮ್ನ_ಓದಾಂವ
ಪಾಪ್‌ಕಾರ್ನ್ ಹಿಡ್ಕೊಂಡು ಕುಂತೀನಿ

ಖಣದ_ಕುಬಸ
ನಾ ಗುಳೇದಗುಡ್ಡದಾಕಿ, ಲಗ್ನಾಗಿ ಬೆಳಗಾವಿಗೆ ಬಂದು ಮೆಥೋಡಿಸ್ಟ್ ಸಭೆಗೆ ಸೇರೀನಿ, ತವರಮನಿ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿಂದ ಬಂದ ಬಾಸೆಲ್ ಮಿಷನ್ ಕಾಲದ ಕ್ರೈಸ್ತರು. ದೋಸ್ತ ಹೇಳಿದ್ದು ಖರೇ. ನಮ್ಮಲ್ಲಿ ಇದಕ್ಕ ಕರ್ತನ ಭೋಜನ ಅಂತೀವಿ, ಸಾಮಾನ್ಯವಾಗಿ ತಿಂಗಳ ಮೊದಲ ಆಯ್ತವಾರ. ಬೇಕರಿ ಬ್ರೆಡ್ಡಿನ ಕಂದು ಅಂಚು ತಗದು ಸಣ್ಣ ಚೌಕ ತುಂಡು ಮಾಡಿ ತಟ್ಟ್ಯಾಗ ಬಿಳಿ ಬಟ್ಟಿ ಮುಚ್ಚಿ ಇಡ್ತೀವಿ, ದ್ರಾಕ್ಷಿ ರಸ ಸಣ್ಣ ಸಣ್ಣ ಗ್ಲಾಸಿನ್ಯಾಗ, ತೂತಿನ ಟ್ರೇ ಇರ್ತೈತಿ ಅದರಾಗ ಕುಂದ್ರಸ್ತಾರ. ಶನಿವಾರ ಸಂಜಿ ಆ ಗ್ಲಾಸು ತೊಳದು ಒರಸಿ ಇಡೋ ಪಾಳಿ ಹೆಣ್ಮಕ್ಕಳದ್ದು, ಗಂಡಸರು ಆ ಪಾಳಿ ಪಟ್ಟ್ಯಾಗ ಯಾವಾಗಲೂ ಇರಂಗಿಲ್ಲ, ಅದು ಬ್ಯಾರೆ ಚರ್ಚೆ 😄

ಜ್ಯೂಸು ಯಾಕಂದ್ರ ಅದಕ್ಕ ಒಂದು ಕಥಿ ಐತಿ. ಅಮೆರಿಕಾದ ನ್ಯೂಜೆರ್ಸಿಯೊಳಗ ಥಾಮಸ್ ವೆಲ್ಚ್ ಅಂತ ಒಬ್ಬ ಹಲ್ಲಿನ ಡಾಕ್ಟರು, ಮೆಥೋಡಿಸ್ಟ್, ಮದ್ಯ ಅಂದ್ರ ಆಗಂಗಿಲ್ಲ. ದ್ರಾಕ್ಷಿ ರಸ ಹಿಂಡಿ ಇಟ್ರ ತಾನಽ ಹುಳಿ ಎದ್ದು ವೈನ್ ಆಗ್ತಿತ್ತು, ಆಗ ಫ್ರಿಡ್ಜೆಲ್ಲಿ. ಪಾಶ್ಚರ್ ಕಂಡುಹಿಡದ ಪದ್ಧತಿ ಹಚ್ಚಿ ಬಾಟ್ಲಿಯೊಳಗಿನ ರಸ ಬಿಸಿ ಮಾಡಿ ಹುಳಿ ಏಳದಂಗ ಮಾಡಿದ, 1869ರಾಗ. ಚರ್ಚಿಗಂತ ಮಾಡಿದ್ದು ಆಮ್ಯಾಲ ದೊಡ್ಡ ಧಂಧೆ ಆತು. ಮದ್ಯಪಾನ ವಿರೋಧ ಮೆಥೋಡಿಸ್ಟರಿಗೆ ದೊಡ್ಡ ವಿಷಯ ಆಗಿತ್ತಲ್ರಿ, ಕುಡತ ಬಿಡಿಸಿ ಕರ್ಕೊಂಡು ಬಂದವನಿಗೆ ಚರ್ಚಿನ್ಯಾಗಽ ವೈನ್ ಕೊಡೂದು ಹ್ಯಾಂಗ? ನಮ್ಮ ಕಡೆ ಮನಿ ಹಾಳಾಗಿದ್ದು ಕುಡತದಿಂದಽ. ಹಂಗಾಗಿ ನನಗ ಈ ವಿಷಯದಾಗ ಜ್ಯೂಸಿನ ಪರಾನ.

ಕ್ಯಾಂಪ್_ಕಟ್ಟಿ
ಅಕ್ಕಾರ, ನಿಮ್ಮ ಕಾಳಜಿ ತಿಳೀತೈತಿ, ಆದ್ರ ನಮ್ಮಲ್ಲಿ ಕಾಯ್ದೆ ಕಟ್ಟುನಿಟ್ಟು. ಗೋಧಿ ಮಾತ್ರ, ದ್ರಾಕ್ಷಿಯಿಂದ ಹುಳಿ ಎದ್ದ ವೈನ್ ಮಾತ್ರ, ಅದರಾಗ ಬ್ಯಾರೆ ಏನೂ ಬೆರಸಂಗಿಲ್ಲ, ಕೆಟ್ಟು ವಿನೆಗರ್ ಆಗಿರಬಾರದು. ಪೂಜ್ಯಾಗ ಮಾತ್ರ ಎರಡು ಹನಿ ನೀರು ಹಾಕ್ತಾರ. ಆ ನೀರಿಗೂ ಅರ್ಥ ಐತಿ, ಶಿಲುಬಿ ಮ್ಯಾಲ ಈಟಿಲೆ ಪಕ್ಕಿ ತಿವದಾಗ ರಕ್ತ, ನೀರು ಎರಡೂ ಬಂತು ಅಂತ ಬೈಬಲ್ಲಿನ ಯೊವಾನ್ನರ ಸುವಾರ್ತೆಯೊಳಗ ಐತಿ, ಮತ್ತ ವೈನಿನ್ಯಾಗ ಬಿದ್ದ ನೀರನ್ನ ಹೆಂಗ ಬ್ಯಾರೆ ಮಾಡಾಕ ಬರಂಗಿಲ್ಲೋ ಹಂಗ ಮನುಷ್ಯಾರು ಕ್ರಿಸ್ತನೊಳಗ ಕೂಡಿದ್ರು ಅಂತ. ಸಾದಾ ಜ್ಯೂಸು ನಮ್ಮಲ್ಲಿ ನಡ್ಯಂಗಿಲ್ಲ. ಆರೋಗ್ಯದ ಕಾರಣಕ್ಕ, ಇಲ್ಲಾ ಕುಡತದ ಚಟ ಬಿಟ್ಟ ಗುರುಗಳು ಇದ್ರ ಮುಸ್ತುಂ ಅಂತ ಒಂದು ಐತಿ, ಹುಳಿ ಏಳಾಕ ಸುರು ಆಗಿದ್ದನ್ನ ಅಲ್ಲಿಗೇ ತಡದ ರಸ, ಬಿಷಪ್ಪರ ಪರವಾನಿಗಿ ತಗೊಂಡು ಅದನ್ನ ಬಳಸ್ತಾರ.

ವೈನ್ ಮಂದಿಗೆ ಯಾಕಿಲ್ಲ ಅಂದ್ರಿ. ಮೊದಲಿನ ಶತಮಾನಗಳೊಳಗ ಎಲ್ಲಾರೂ ಕುಡೀತಿದ್ರು, ಯುರೋಪಿನ್ಯಾಗ ಚೆಲ್ತೈತಿ ಅಂತ ಹೆದ್ರಿ ಮೆಲ್ಲಕ ಮೆಲ್ಲಕ ನಿಂತು, 1415ರಾಗ ಕಾನ್ಸ್ಟನ್ಸ್ ಮಹಾಸಭೆ ಅದನ್ನ ಕಾಯ್ದೆ ಮಾಡ್ತು. ಬೊಹೀಮಿಯಾದಾಗ, ಅಂದ್ರ ಈಗಿನ ಚೆಕ್ ದೇಶದ ಕಡೆ, ಚರ್ಚ್ ಸುಧಾರಕ ಹುಸ್‌ನ ಕಡೆಯವರು ನಮಗ ವೈನಿನ ಬಟ್ಟಲಾ ಬೇಕಽ ಬೇಕು ಅಂತ ಯುದ್ಧಾನ ಮಾಡಿದ್ರು, ಬಟ್ಟಲಾನ ಅವರ ಝೆಂಡಾದ ಮ್ಯಾಲ ಏರ್ತು. 1963ರಾಗ ಎರಡನೇ ವ್ಯಾಟಿಕನ್ ಸಭೆ ಮತ್ತ ದಾರಿ ತಗೀತು, ಅದಕ್ಕ ನಿಮ್ಮ ದೋಸ್ತನ ಮದುವ್ಯಾಗ ಮದುಮಕ್ಕಳಿಗೆ ಎರಡೂ ಸಿಕ್ಕಿದ್ದು. ಸಾವಿರ ಮಂದಿ ಪೂಜ್ಯಾಗ ಎಲ್ಲಾರಿಗೂ ಕೊಡೂದು ಕಷ್ಟ. ಬಿಲ್ಲ್ಯಾಗಽ ಪೂರ್ತಿ ಕ್ರಿಸ್ತ ಅದಾನ ಅಂತ ನಂಬಿಕಿ, ಹಂಗಾಗಿ ಅರ್ಧ ಸಿಕ್ತು ಅಂತ ಅಲ್ಲ.

ಹೊಳಿದಂಡಿ_ಬಾಗಲಕೋಟಿ
ಶರೀರ ರಕ್ತದ ಮಾತಿಗೆ ಯಾರೂ ಬರವಲ್ರಿ 🙂

ಗುಮ್ಮಟ_ಮಾಸ್ತರ
ಬಂದೆ. ವಿಜಯಪುರದಾಗ ಇತಿಹಾಸ ಕಲಿಸಿ ನಿವೃತ್ತ ಆಗೀನಿ, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ತಮ್ಮಾ, ನಿಮಗ ಹೊಟ್ಟ್ಯಾಗ ಒಂಥರಾ ಆದದ್ದು ಹೊಸದಲ್ಲ. ರೋಮಿನ ಕಾಲದಾಗಽ ಕ್ರೈಸ್ತರು ಗುಟ್ಟಾಗಿ ನರಮಾಂಸ ತಿಂತಾರ ಅಂತ ಸುದ್ದಿ ಹಬ್ಬಿತ್ತು. ಸುಮಾರು ಕ್ರಿ.ಶ. 112ರಾಗ ಪ್ಲಿನಿ ಅನ್ನೋ ಗವರ್ನರು ಈಗಿನ ತುರ್ಕಿ ಕಡೆ ಕ್ರೈಸ್ತರನ್ನ ಹಿಡದು ವಿಚಾರಣಿ ಮಾಡಿ ಚಕ್ರವರ್ತಿ ಟ್ರೇಜನ್‌ಗ ಪತ್ರ ಬರದ, ಇವರು ಕೂಡಿ ತಿನ್ನೂದು ಸಾದಾ ಊಟ, ಅದರಾಗ ದೋಷ ಏನಿಲ್ಲ ಅನ್ನೋ ಅರ್ಥದಾಗ. ವಿಚಾರಣಿಗೆ ಇಬ್ಬರು ಸೇವಕಿಯರನ್ನ ಹಿಂಸಿಸಿದ್ದೂ ಅದಽ ಪತ್ರದಾಗ ಬರಕೊಂಡಾನ, ಊಟದ ಸುದ್ದಿ ತಿಳಕೊಳ್ಳಾಕ ಎಂಥಾ ದಾರಿ ನೋಡ್ರಿ. ಯೊವಾನ್ನರ ಸುವಾರ್ತೆ 6ನೇ ಅಧ್ಯಾಯದಾಗಂತೂ ಯೇಸು ನನ್ನ ಮಾಂಸ ತಿನ್ರಿ ಅಂದಾಗ ಅವನ ಶಿಷ್ಯರಾಗಽ ಭಾಳ ಮಂದಿ ಇದು ಕಠಿಣ ಮಾತು ಅಂತ ಬಿಟ್ಟು ಹೋದ್ರು. ಅವರೂ ಯಹೂದಿಗಳು, ರಕ್ತ ತಿನ್ನೂದು ಅವರಿಗೆ ಕಾಯ್ದೆಲೇ ನಿಷಿದ್ಧ. ಅಂದ್ರ ಆ ಮಾತು ಮೊದಲಿನಿಂದಽ ಚುಚ್ಚಲಿಕ್ಕೇ ಹೇಳಿದ್ದು, ಮೆತ್ತಗ ಮಾಡಿ ಹೇಳಿದ್ರ ಅದರ ಜೀವಾನ ಹೋಗ್ತೈತಿ.

ಹಿನ್ನೆಲಿ ಯಹೂದಿಗಳ ಪಸ್ಕಹಬ್ಬ. ಈಜಿಪ್ಟಿನ ದಾಸ್ಯದಿಂದ ರಾತ್ರೋರಾತ್ರಿ ಹೊಂಟ ಮಂದಿ, ಹಿಟ್ಟು ಹುಳಿ ಏಳೂತನ ಕಾಯಲಿಕ್ಕೆ ಪುರಸೊತ್ತಿಲ್ಲ, ಹಂಗಽ ಸುಟ್ಟುಕೊಂಡು ಓಡಿದ್ರು. ಆ ಬಿಡುಗಡಿ ನೆನಸೂ ಊಟದಾಗ ಯೇಸು ರೊಟ್ಟಿ ಮುರದು ಇದು ನನ್ನ ದೇಹ, ಬಟ್ಟಲಾ ಎತ್ತಿ ಇದು ನನ್ನ ರಕ್ತದ ಒಡಂಬಡಿಕಿ ಅಂದ. ಮರುದಿನ ಅವನನ್ನ ಕೊಂದ್ರು. ಮುರಿಯೂ ರೊಟ್ಟಿ ಮುರಿಯೂ ದೇಹ ಆತು, ಅಷ್ಟು ಹತ್ತರ.

ಇದರ ಮ್ಯಾಲ ಚರ್ಚುಗಳು ಜಗಳಾಡಿದ್ದೂ ಆಡಿದ್ದಽ. ಪೂರ್ವದ ಆರ್ಥೊಡಾಕ್ಸ್ ಮಂದಿ ಹುಳಿ ಎದ್ದ ಉಬ್ಬಿದ ರೊಟ್ಟಿ ಬಳಸ್ತಾರ, ಪಶ್ಚಿಮದವರು ಹುಳಿ ಇಲ್ಲದ್ದು, 1054ರ ಒಡಕಿನ್ಯಾಗ ಈ ಹುಳಿ ವಿಷಯಾನೂ ದೊಡ್ಡ ಕಾರಣ ಆಗಿತ್ತು. ಮೊದಲ ಮೂರು ಸುವಾರ್ತೆ ಪ್ರಕಾರ ಅದು ಪಸ್ಕದ ಊಟ, ಯೊವಾನ್ನರ ಪ್ರಕಾರ ಪಸ್ಕದ ಕುರಿ ಕೊಯ್ಯೂದು ಮರುದಿನ, ಹಂಗಾದ್ರ ಆ ರಾತ್ರಿ ಸಾದಾ ರೊಟ್ಟೀನ ಇರಬಹುದು. 1215ರ ಲ್ಯಾಟರನ್ ಸಭೆ ರೊಟ್ಟಿ ವೈನಿನ ಸತ್ವಾನ ಬದಲಾಗ್ತೈತಿ ಅನ್ನೋ ಪದ ಬಳಸ್ತು. 1529ರಾಗ ಜರ್ಮನಿಯ ಮಾರ್ಬುರ್ಗಿನ್ಯಾಗ ಪ್ರೊಟೆಸ್ಟಂಟ್ ಸುಧಾರಕರಾದ ಜರ್ಮನಿಯ ಲೂಥರ್ ಮತ್ತ ಸ್ವಿಟ್ಜರ್ಲೆಂಡಿನ ಝ್ವಿಂಗ್ಲಿ ಕೂತು ಮಾತಾಡಿದ್ರು, 15 ಕಲಮಿನ್ಯಾಗ 14ಕ್ಕ ಒಪ್ಪಿದ್ರು, ಕಡೀದು ಇದಽ ಭೋಜನ, ಅಲ್ಲೇ ಮುರದು ಬಿತ್ತು. ಲೂಥರ್ ಮೇಜಿನ ಮ್ಯಾಲ ಸೀಮಿಸುಣ್ಣಲೇ "ಇದು ನನ್ನ ದೇಹ" ಅಂತ ಲ್ಯಾಟಿನ್‌ನ್ಯಾಗ ಬರದು ಇಟ್ಟಿದ್ನಂತ. ಝ್ವಿಂಗ್ಲಿಗೆ ಅದು ನೆನಪು, ಗುರ್ತು. ನಮ್ಮ ಬಾಸೆಲ್ ಮಿಷನ್ನಿನ್ಯಾಗ ಎರಡೂ ಕಡೆಯ ಮಂದಿ ಇದ್ರು, ಬಾಸೆಲ್ ಊರು ಝ್ವಿಂಗ್ಲಿ ಕಡೆದು, ಬಂದ ಮಿಷನರಿಗಳೊಳಗ ಭಾಳ ಮಂದಿ ಲೂಥರ್ ಕಡೆಯ ಜರ್ಮನಿಯ ವ್ಯುರ್ಟೆಂಬರ್ಗಿನವರು. ಹಂಗಾಗಿ ನಮ್ಮ ಹಳೇ ಸಭೆಗಳೊಳಗ ಈ ವಿಷಯಕ್ಕ ಯಾರೂ ಭಾಳ ಕೆದಕಂಗಿಲ್ಲ, ತಿಂದು ಸುಮ್ನ ಇರ್ತಾರ.

ಸುಮ್ನ_ಓದಾಂವ
ಮಾಸ್ತರ, ಒಂದು ಮಾತು ಕೇಳ್ತೀನಿ ಬೈಬ್ಯಾಡ್ರಿ. ಗೋಧಿ, ದ್ರಾಕ್ಷಿ ಆ ಸೀಮಿ ಊಟ, ಇದಕ್ಕ ದೈವಿಕ ಕಾರಣ ಯಾಕ ಹುಡುಕೂದು? ಯೇಸು ಜಮಖಂಡಿ ಕಡೆ ಹುಟ್ಟಿದ್ರ ಜ್ವಾಳದ ರೊಟ್ಟಿ ಮುರದು ಮಜ್ಜಿಗಿ ಬಟ್ಟಲಾ ಎತ್ತತಿದ್ದ. ದಿನಾ ತಿನ್ನೂದು ದೇವರ ಗುರ್ತಾಗಬೇಕು ಅನ್ನೋದು ಉದ್ದೇಶ ಆದ್ರ ನಮಗ ಜ್ವಾಳಾನ ಸರಿ. ಇಷ್ಟು ತೆಳ್ಳನ ಬಿಲ್ಲೆ ನೋಡಿದ್ರ ಊಟ ಅಂತನೂ ಅನ್ಸಂಗಿಲ್ಲ.

ಕ್ಯಾಂಪ್_ಕಟ್ಟಿ
ಬೈಯೂದೇನೈತಿ, ನಮ್ಮ ಗುರುಗಳೊಳಗಽ ಇದನ್ನ ಕೇಳಿದವರು ಅದಾರ, ಅನ್ನ ಉಣ್ಣೂ ದೇಶದಾಗ ಅಕ್ಕಿ, ಆಫ್ರಿಕಾದಾಗ ಸಿರಿಧಾನ್ಯ ಯಾಕ ಆಗಬಾರದು ಅಂತ. ರೋಮ್, ಅಂದ್ರ ಪೋಪರ ಆಡಳಿತ, ಒಪ್ಪಿಲ್ಲ. ನನಗ ರೋಮಿನ ಮಾತಽ ಸರಿ ಅನ್ಸತೈತಿ, ಯಾಕಂದ್ರ ಯೇಸು ಜಮಖಂಡಿ ಕಡೆ ಹುಟ್ಟಲಿಲ್ಲಲ್ರಿ. ಒಂದು ಊರು, ಒಂದು ತಾರೀಖು, ಒಬ್ಬ ತಾಯಿ ಹೊಟ್ಟ್ಯಾಗ ಹುಟ್ಟಿದ ಮನುಷ್ಯಾ, ಅವ ಆ ರಾತ್ರಿ ಕೈಯಾಗ ಹಿಡದದ್ದು ಇದು. ಅದನ್ನ ನಮ್ಮ ಅನುಕೂಲಕ್ಕ ಬದಲಿ ಮಾಡಿಕೋತ ಹೋದ್ರ ಕಡೀಕ ಅದು ಬರೇ ಒಂದು ಕಲ್ಪನೆ ಆಗ್ತೈತಿ.

ದೇಶನೂರಿಗೆ ಹೋಗಿ ನೋಡ್ರಿ ಒಮ್ಮೆ, ಬೈಲಹೊಂಗಲ ತಾಲೂಕು. ಅಲ್ಲಿ ಜೆಸ್ವಿಟ್ ಅನ್ನೋ ಕ್ಯಾಥೊಲಿಕ್ ಸಂಘದ ಗುರುಗಳ ವಿರಕ್ತಮಠ ಐತಿ, ಕಾವಿ, ಸಸ್ಯಾಹಾರ, ನೆಲದ ಮ್ಯಾಲ ಕೂತು ಪೂಜಿ, ಹೊರಗಿನವರಿಗೆ ಲಿಂಗಾಯತ ಮಠಾನ ಅನ್ನಿಸ್ತೈತಿ. ಉಡುಗಿ, ಕುಂದ್ರೋ ರೀತಿ, ಕಟ್ಟಡ ಎಲ್ಲಾ ಈ ನೆಲದ್ದು. ಗೋಧಿ ಮತ್ತ ದ್ರಾಕ್ಷಿ ಮಾತ್ರ ಯಾರೂ ಬದಲಿ ಮಾಡಂಗಿಲ್ಲ.

ತಿಕೋಟಾ_ಮಣೂಕ
ನಾ ಕ್ರೈಸ್ತ ಅಲ್ಲ, ದ್ರಾಕ್ಷಿ ಬೆಳೀತೀನಿ. ಗೋಧಿ ದ್ರಾಕ್ಷಿ "ಆ ಸೀಮಿ" ಅಂದ್ರಲ್ಲ ಅದಕ್ಕ ಸಿಟ್ಟು ಬಂತು 😀 ತಿಕೋಟಾ ಕಡೆ ಬಂದು ನೋಡ್ರಿ, ಕಣ್ಣು ಹಾಯೂತನ ದ್ರಾಕ್ಷಿ ಪಡಾನ. ಸರ್ಕಾರದ ವೈನ್ ನೀತಿಯೊಳಗ ನಮ್ಮ ಕಡೆಗೆ ಕೃಷ್ಣಾ ಕೊಳ್ಳದ ವಲಯ ಅಂತ ಹೆಸರೂ ಐತಿ. ಗೋಧಿನೂ ಹಂಗಽ, ಹುಗ್ಗಿ ಮಾಡೂ ಸದಕ ಗೋಧಿ, ಜವಿಗೋಧಿ ಅಂತೀವಲ್ಲ, ಅದು ಹಿಂದಕ ಈಜಿಪ್ಟು, ಪ್ಯಾಲೆಸ್ಟೈನ್ ಕಡೆ ಬೆಳೀತಿದ್ದ ಹಳೇ ಜಾತೀನ. ಕೃಷಿ ಕಾಲೇಜಿನವರು ಹೇಳಿದ್ದು.

ನನ್ನ ಪ್ರಶ್ನೆ ಬ್ಯಾರೆ. ನಮ್ಮ ಶೆಡ್ಡಿಗೆ ಪ್ರತಿ ವರ್ಷ ಒಬ್ಬರು ಪಾಸ್ಟರು ಬಂದು ಒಣದ್ರಾಕ್ಷಿ ಒಯ್ತಾರ, ರಾತ್ರಿ ನೆನಸಿ ಕುದಸಿ ಸೋಸಿ ಅದಽ ರಸ ಚರ್ಚಿಗೆ ಅಂತಾರ. ತಾಜಾ ಹಣ್ಣಿಂದಽ ಆಗಬೇಕು ಅಂತ ಇಲ್ಲೇನು?

ಗುಮ್ಮಟ_ಮಾಸ್ತರ
ಇಲ್ಲ. ಸುಗ್ಗಿ ಬಿಟ್ಟು ಉಳಿದ ತಿಂಗಳು ಹಣ್ಣೆಲ್ಲಿ ಸಿಗ್ತೈತಿ, ನಮ್ಮ ಕಡೆ ಹಳ್ಳಿ ಸಭೆಗಳೊಳಗ ಒಣದ್ರಾಕ್ಷಿ ನೆನಸೂದು ಹಳೇ ರೂಢಿ. ಕ್ಯಾಥೊಲಿಕರಲ್ಲೂ ಒಣದ್ರಾಕ್ಷಿಯಿಂದ ತಗದ ವೈನ್, ಬಣ್ಣ ರುಚಿಲೇ ಖರೇ ವೈನ್ ಅಂತ ಗುರ್ತ ಹತ್ತಿದ್ರ ನಡೀತೈತಿ ಅಂತ 1706ರಾಗಽ ರೋಮಿನಿಂದ ತೀರ್ಪಾಗೇತಿ.

ತಿಕೋಟಾ_ಮಣೂಕ
ಹಂಗಾದ್ರ ಒಂದು ಮಾತು ಎಲ್ಲಾ ಸಭೆಯವರಿಗೂ. ನಾವು ಹಣ್ಣನ್ನ ಒಣಗ್ಸೂ ಮುಂದ ಪೊಟ್ಯಾಶ್ ಕಾರ್ಬೋನೇಟ್ ಮತ್ತ ಡಿಪ್ಪಿಂಗ್ ಆಯಿಲ್ ಬೆರಸಿದ ನೀರಾಗ ಅದ್ದಿ ತಗೀತೀವಿ, ಸಿಪ್ಪಿ ಮ್ಯಾಲಿನ ಮೇಣ ಹೋದ್ರ ಲಗೂನ ಒಣಗ್ತೈತಿ. ಬಂಗಾರದ ಬಣ್ಣ ಬರಲಿ ಅಂತ ಗಂಧಕದ ಹೊಗಿನೂ ಕೊಡ್ತಾರ ಭಾಳ ಮಂದಿ. ಅದಕ್ಕ ಬಿಸಿನೀರಾಗ ಚೊಲೋತ್ನಾಗಿ ತೊಳದು ಆ ನೀರು ಚೆಲ್ಲಿ ಆಮ್ಯಾಲ ನೆನಸ್ರಿ. ಕಪ್ಪಗಿದ್ದದ್ದು ನೋಡಾಕ ಚಂದಿರಂಗಿಲ್ಲ, ರಸಕ್ಕ ಅದಽ ಚೊಲೊ, ಬಣ್ಣಾನೂ ಕೊಡ್ತೈತಿ. ನಾಲ್ಕು ಕಿಲೋ ಹಣ್ಣಿಗೆ ಸುಮಾರು ಒಂದು ಕಿಲೋ ಬರೂದು, ರೇಟು ಕೇಳಬ್ಯಾಡ್ರಿ, ಅಳು ಬರ್ತೈತಿ.

ಖಣದ_ಕುಬಸ
ಅಣ್ಣಾರ, ಇದನ್ನ ನಮ್ಮ ಹೆಣ್ಮಕ್ಕಳ ಗ್ರೂಪಿಗೆ ಕಳಸ್ತೀನಿ. ನಾವು ಬಂಗಾರದ ಬಣ್ಣದ್ದಽ ಆರಿಸಿ ತರ್ತಿದ್ವಿ.

ಹೊಳಿದಂಡಿ_ಬಾಗಲಕೋಟಿ
ಬರೀರಿ ಬರೀರಿ, ಓದಾಕತ್ತೀನಿ. ಆದ್ರ ಪ್ರಸಾದದ ಪ್ರಶ್ನೆ ಇನ್ನೂ ಹಂಗಽ ಉಳದೈತಿ. ನಮ್ಮಲ್ಲಿ ಅಷ್ಟಾವರಣದಾಗ ಪಾದೋದಕ, ಪ್ರಸಾದ ಎರಡೂ ಅದಾವ, ನೀರು ಮತ್ತ ಊಟ. ನಿಮ್ಮಲ್ಲಿ ರಸ ಮತ್ತ ರೊಟ್ಟಿ. ನನಗ ಭಾಳ ಹತ್ತರ ಕಾಣ್ತೈತಿ. ಕೂಡಲಸಂಗಮದಾಗ ದಾಸೋಹಕ್ಕ ಕುಂತ್ರ ಬಾಜೂದಾಂವ ಯಾರು ಅಂತ ಯಾರೂ ಕೇಳಂಗಿಲ್ಲ.

ಗುಮ್ಮಟ_ಮಾಸ್ತರ
ಹತ್ತರ ಅದಾವ, ಒಂದಽ ಅಲ್ಲ. ಪ್ರಸಾದ ಅಂದ್ರ ನಾವು ಅರ್ಪಿಸಿದ್ದು ಕೃಪೆಯಾಗಿ ತಿರುಗಿ ಬರೂದು, ಅಲ್ಲಿ ಸಾವಿನ ಮಾತಿಲ್ಲ. ಕರ್ತನ ಭೋಜನದಾಗ ಸಾವು ನಡುವಽ ಕುಂತೈತಿ, ಕರ್ತ ಬರೂತನ ಅವನ ಮರಣ ಸಾರ್ರಿ ಅಂತ ಮೊದಲಿನ ಕಾಲದ ಕ್ರೈಸ್ತ ಬೋಧಕ ಪೌಲ ಬರದಾನ. ಆದ್ರ ನೀವು ಹೇಳಿದ ಕಡೀ ಮಾತು, ಬಾಜೂದಾಂವ ಯಾರು ಅನ್ನೋದು, ಅದು ನನ್ನ ಲೆಕ್ಕದಾಗ ಇಡೀ ವಿಷಯದ ಗಂಟು. ಗೋಧಿಯೋ ಜ್ವಾಳವೋ, ವೈನೋ ಜ್ಯೂಸೋ ಅಂತ ಇಲ್ಲಿತನ ಬಡದಾಡಿದ್ವಿ. ಈ ಊಟದ ಬಗ್ಗೆ ನಮಗ ಸಿಕ್ಕ ಅತಿ ಹಳೇ ಬರಹ ಪೌಲ ಕೊರಿಂಥದವರಿಗೆ ಬರದ ಮೊದಲ ಪತ್ರ, ಸುಮಾರು ಕ್ರಿ.ಶ. 54-55, ಸುವಾರ್ತೆಗಳಿಗಿಂತ ಮೊದಲಿಂದು. ಅದರಾಗ ಜಗಳ ಯಾವ ಹಿಟ್ಟಿಂದು ಅಲ್ಲ. ಉಳ್ಳವರು ಮೊದಲ ಬಂದು ಉಂಡು ಕುಡದು ಮತ್ತರಾಗತಿದ್ರು, ಕೂಲಿ ಮಾಡೂ ಮಂದಿ, ಗುಲಾಮರು ಕೆಲಸ ಮುಗಿಸಿ ಬರೂದ್ರಾಗ ಏನೂ ಉಳೀತಿರಲಿಲ್ಲ. ಪೌಲನ ಸಿಟ್ಟು ಅದಕ್ಕ. ನೀವು ತಿನ್ನೂದು ಕರ್ತನ ಭೋಜನಾನ ಅಲ್ಲ ಅಂತಾನ, ಇಲ್ಲದವರಿಗೆ ನಾಚಿಕಿ ಮಾಡ್ತೀರೇನು ಅಂತಾನ. ರೊಟ್ಟಿ ಒಂದಽ ಇರೂದಕ್ಕ ಭಾಳ ಮಂದಿ ಇದ್ರೂ ನಾವು ಒಂದಽ ದೇಹ ಅಂತ ಅದಕ್ಕಿಂತ ಮುಂಚಿನ ಅಧ್ಯಾಯದಾಗ ಐತಿ. ದಿದಾಖೆ ಅಂತ ಒಂದು ಹಳೇ ಕ್ರೈಸ್ತ ಬರಹದಾಗ ಪ್ರಾರ್ಥನಿ ಐತಿ, ಬೆಟ್ಟದ ಮ್ಯಾಲ ಚೆದುರಿದ್ದ ಕಾಳು ಕೂಡಿ ಒಂದು ರೊಟ್ಟಿ ಆದಂಗ ನಿನ್ನ ಸಭೆ ಕೂಡಲಿ ಅನ್ನೂ ಅರ್ಥದ್ದು. ಅಂದ್ರ ಗುರ್ತು ಕಾಳಿನ್ಯಾಗ ಇಲ್ಲ, ಕೂಡೂದರಾಗ ಮತ್ತ ಮುರದು ಹಂಚೂದರಾಗ ಐತಿ.

ಖಣದ_ಕುಬಸ
ಮಾಸ್ತರ, ಇದಕ್ಕ ನಮ್ಮ ಅಜ್ಜಿ ಸುದ್ದಿ ಹೇಳಬೇಕು. ನಮ್ಮ ಕಡೆ ಚರಗಿ ನೀರು ಎಲ್ಲಾರೂ ಎತ್ತಿ ಕುಡೀತಾರ, ತುಟಿ ಹಚ್ಚಿದ್ರ ಎಂಜಲಾತು, ಅದರ ಹಿಂದ ಯಾರು ಯಾರ ಮನಿ ನೀರು ಕುಡೀಬೇಕು ಅನ್ನೂ ಲೆಕ್ಕ ಬ್ಯಾರೆ ಇರ್ತಿತ್ತು. ಅಜ್ಜಿ ಸಾಯೂತನ ಎತ್ತಿ ಕುಡದಾಕಿ, ಚಹಾದ ಕಪ್ಪಿಗೂ ತುಟಿ ಹಚ್ಚಾಕ ಒದ್ದಾಡ್ತಿದ್ಲು, ಬಸಿ ಒಳಗ ಹಾಕ್ಕೊಂಡು ಹೆಂಗೋ ಮಾಡಿ ಕುಡೀತಿದ್ಲು. ಚರ್ಚಿನ್ಯಾಗಿನ ಬೆಳ್ಳಿ ಬಟ್ಟಲಾ ಮಾತ್ರ ಎತ್ತಿ ಕುಡ್ಯಾಕ ಬರಂಗಿಲ್ಲ, ಅಯ್ಯನವರು ಹಿಡದಿರ್ತಾರ, ಅಂಚಿಗೆ ತುಟಿ ಹಚ್ಚಬೇಕು, ನಿಮ್ಮಕಿಂತ ಮೊದಲ ಹಚ್ಚಿದವರು ಯಾವ ಓಣಿಯವರು ಅಂತ ಇಡೀ ಸಭೆಗೆ ಗೊತ್ತಿರ್ತೈತಿ. ಅಯ್ಯನವರು ಬಿಳಿ ಅರಬಿಲೆ ಅಂಚು ಒರಸಿ ಬಟ್ಟಲಾ ಸ್ವಲ್ಪ ತಿರುಗಿಸಿ ಮುಂದಿನವರಿಗೆ ಹಿಡೀತಿದ್ರು ಅಷ್ಟಽ. ಮೊದಮೊದಲು ಬಂದ ಮಂದಿಗೆ ಸ್ನಾನಕ್ಕಿಂತ, ಅಂದ್ರ ದೀಕ್ಷಾಸ್ನಾನ, ಅದಕ್ಕಿಂತ ಈ ಬಟ್ಟಲಾನ ಕಠಿಣ ಇತ್ತಂತ ಅಜ್ಜಿ ಹೇಳ್ತಿದ್ಲು. ನೀರು ಸುರಕೊಂಡ್ರ ಯಾರೂ ಮುಟ್ಟಂಗಿಲ್ಲಲ್ಲ.

ಅದಕ್ಕಽ ನಮ್ಮ ಈಗಿನ ಸಣ್ಣ ಗ್ಲಾಸು ಅನುಕೂಲ ಖರೇ, ಸ್ವಚ್ಛ ಖರೇ, ಆದ್ರ ಅದರಾಗ ಏನೋ ಹೋತು ಅನ್ಸತೈತಿ ನನಗ. ಜ್ಯೂಸಿನ ಪರ ಅದೀನಿ, ಗ್ಲಾಸಿನ ಪರ ಇಲ್ಲ.

ಗುಮ್ಮಟ_ಮಾಸ್ತರ
ನಿಮ್ಮ ಅಜ್ಜಿ ಹೇಳಿದ್ದಕ್ಕ ಇತಿಹಾಸದ ಸಾಕ್ಷಿ ಐತ್ರಿ ತಂಗಿ. ಮದ್ರಾಸಿನ ವೆಪೇರಿ ಕಡೆ ಮೇಲ್ಜಾತಿ ಕ್ರೈಸ್ತರು ಬಟ್ಟಲಾ ತಮಗ ಮೊದಲ ಬರಬೇಕು, ಕುಂದ್ರೂದು ಬ್ಯಾರೆ ಆಗಬೇಕು ಅಂತ ಇಟ್ಟುಕೊಂಡಿದ್ರು. 1833ರಾಗ ಕಲ್ಕತ್ತಾದ ಬಿಷಪ್ ಡೇನಿಯಲ್ ವಿಲ್ಸನ್ ಸಭೆಯೊಳಗ ಜಾತಿ ಪೂರ್ತಿ ಬಿಡಬೇಕು ಅಂತ ಸುತ್ತೋಲೆ ಕಳಿಸಿದ, ಭಾಳ ಮಂದಿ ಅದನ್ನ ಒಪ್ಪಲಾರದಽ ಸಭೆ ಬಿಟ್ಟರು. ಬಾಸೆಲ್ ಮಿಷನ್ನಿನವರೂ ಜಾತಿ ಬಿಟ್ಟ ಮ್ಯಾಲೇನ ಭೋಜನ ಅಂತ ಗಟ್ಟಿ ನಿಂತವರು. ಗುಳೇದಗುಡ್ಡಕ್ಕ ಅವರು ಬಂದದ್ದು 1851ರಾಗ, ನಮ್ಮ ವಿಜಯಪುರಕ್ಕ 1885ರಾಗ.

ಸುಮ್ನ_ಓದಾಂವ
ಬಟ್ಟಲಾ ಒಂದಾತು ಸರಿ, ಹೆಣ್ಣು ಕೊಟ್ಟು ತರೂ ಮುಂದ ಜಾತಿ ಕೇಳೂದು ನಿಂತದೇನ್ರಿ? ನಾ ನೋಡಿದಂಗ ಇಲ್ಲ.

ಖಣದ_ಕುಬಸ
ಪೂರ್ತಿ ನಿಂತಿಲ್ಲ. ನಿಂತದ ಅಂದ್ರ ಸುಳ್ಳಾಗ್ತೈತಿ.

ಕ್ಯಾಂಪ್_ಕಟ್ಟಿ
ನಮ್ಮಲ್ಲೂ ಇಲ್ಲ. ಗೋವಾದ ಹಳೇ ಮನೆತನದವರಿಗಂತೂ ಬಾಮಣ, ಚಾರ್ದೊ ಅಂತ ಇನ್ನೂ ಬಾಯಾಗ ಐತಿ. ಆದ್ರ ಮಾಸ್ತರ ಮಾತಿಗೆ ಒಂದು ತಕರಾರು. ಗುರ್ತು ಹಂಚೂದರಾಗ ಮಾತ್ರ ಐತಿ ಅಂದ್ರ ಯಾವುದಽ ಸಾಮೂಹಿಕ ಊ‌ಟ ಆದ್ರೂ ನಡೀತೈತಿ ಅಂತಾತು, ಗಣಪತಿ ಮಂಡಳದ ಮಹಾಪ್ರಸಾದಾನೂ ಎಲ್ಲಾರಿಗೂ ಹಂಚ್ತಾರ. ಪೌಲ ಅದಽ ಅಧ್ಯಾಯದಾಗ ಇನ್ನೊಂದು ಅಂದಾನಲ್ಲ, ಕರ್ತನ ದೇಹ ಅಂತ ಗುರ್ತಿಸದಽ ತಿಂದಾಂವ ತನಗಽ ತೀರ್ಪು ತಿಂತಾನ ಅಂತ. ಮಂದಿ ಕೂಡೂದು ಯಾಕಂದ್ರ ಅಲ್ಲಿ ಕ್ರಿಸ್ತ ಅದಾನ ಅಂತ. ನೀವು ಅವ ಇರೂದನ್ನ ಬಿಟ್ಟು ಮಂದಿ ಕೂಡೂದನ್ನ ಇಟ್ಕೊಂಡ್ರಿ.

ಗುಮ್ಮಟ_ಮಾಸ್ತರ
ದೇಹ ಗುರ್ತಿಸೂದು ಅಂದ್ರ ತಟ್ಟ್ಯಾಗಿನ ದೇಹಾನೋ, ಬಾಜೂಕ ಹಸದು ಕುಂತ ಸಭೆ ಅನ್ನೂ ದೇಹಾನೋ ಅನ್ನೂದಽ ಅಲ್ಲಿ ಪ್ರಶ್ನೆ. ಪತ್ರದ ಆ ಭಾಗ ಪೂರ್ತಿ ಓದಿ ನೋಡ್ರಿ, ಕಡೀಕ ಅವ ಕೊಡೂ ಬುದ್ಧಿವಾದ ಏನು? ಊಟಕ್ಕ ಕೂಡಿದಾಗ ಒಬ್ಬರಿಗೊಬ್ಬರು ಕಾಯ್ರಿ ಅಂತ.

ಕ್ಯಾಂಪ್_ಕಟ್ಟಿ
ಎರಡೂ ಅಂತ ನಾನು. ಇದರಾಗ ನೀವು ನನ್ನ ಒಪ್ಪಸಂಗಿಲ್ಲ, ನಾನೂ ನಿಮ್ಮನ್ನ ಒಪ್ಪಸಂಗಿಲ್ಲ, ಮಾರ್ಬುರ್ಗಿನ್ಯಾಗಽ ಆಗಲಿಲ್ಲ ತಿಕೋಟಾ ಒಣದ್ರಾಕ್ಷಿ ತಿಂದು ಏನಾಗ್ತೈತಿ 😀

ತಿಕೋಟಾ_ಮಣೂಕ
ಆಗ್ತೈತಿ ಆಗ್ತೈತಿ, ಚೊಲೋ ಮಾಲು ಐತಿ

ಶಹಾಪುರ_ಬೀದಿ
ಭಾಳ ದಿನದ ಮ್ಯಾಲ ಇಂಥಾ ಚರ್ಚೆ ಓದಿದೆ. ನಡುವ ಬಾಯಿ ಹಾಕ್ತೀನಿ, ನನ್ನದು ಅರ್ಜೆಂಟ್ ಪ್ರಶ್ನೆ. ನಾವು ಕ್ಯಾಥೊಲಿಕ್, ಮಗಳಿಗೆ ಸೀಲಿಯಾಕ್ ಐತಿ ಅಂತ ಡಾಕ್ಟರು ಹೇಳ್ಯಾರ, ಗೋಧಿಯಾಗಿನ ಗ್ಲುಟೆನ್ ಒಂದು ಚೂರು ಹೋದ್ರೂ ಹೊಟ್ಟಿ ಕೆಡ್ತೈತಿ. ಮನ್ಯಾಗ ಎಲ್ಲಾ ಜ್ವಾಳ, ಸಜ್ಜಿ, ಅಕ್ಕಿ. ಬರೂ ವರ್ಷ ಮೊದಲ ಪರಮಪ್ರಸಾದ. ಹಿಂದಿನ ಊರಾಗ ಕೇಳಿದಾಗ ಒಬ್ಬರು ಇಷ್ಟು ಚೂರಿಗೆ ಏನಾಗಂಗಿಲ್ಲ ನಂಬಿಕಿ ಇಡ್ರಿ ಅಂದ್ರು, ಅದಕ್ಕ ಸಿಟ್ಟು ಬಂದು ವಾಪಸ್ ಬಂದೆ. ಜ್ವಾಳದ ಬಿಲ್ಲೆ ಮಾಡಿಸಿ ಒಯ್ದ್ರ ನಡೀತೈತೇನ್ರಿ?

ಕ್ಯಾಂಪ್_ಕಟ್ಟಿ
ಅಕ್ಕಾರ, ಜ್ವಾಳದ್ದು ನಡ್ಯಂಗಿಲ್ಲ, ಗ್ಲುಟೆನ್ ಪೂರ್ತಿ ಇಲ್ಲದ ಬಿಲ್ಲೆ ಕ್ರಮಬದ್ಧ ಅಲ್ಲ ಅಂತ 2017ರಾಗ ರೋಮ್ ಮತ್ತೊಮ್ಮೆ ಖಡಕ್ಕಾಗಿ ಹೇಳೈತಿ. ಗೋಧಿಯಿಂದಽ ಮಾಡಿ ಗ್ಲುಟೆನ್ ಭಾಳ ಕಮ್ಮಿ ಮಾಡಿದ ಬಿಲ್ಲೆ ನಡೀತೈತಿ, ಪರದೇಶದಾಗ ಮಾಡ್ತಾರ, ಆದ್ರ ಅದೂ ಆಕಿ ಹೊಟ್ಟಿಗೆ ಸರಿ ಆಗ್ತೈತೋ ಇಲ್ಲೋ ಡಾಕ್ಟರನ್ನ ಕೇಳ್ರಿ, ನಂಬಿಕಿ ಮ್ಯಾಲ ಬಿಡಬ್ಯಾಡ್ರಿ. ಸುಲಭದ ದಾರಿ ಅಂದ್ರ ವೈನ್ ಒಂದಽ ಕೊಡಸೂದು. ಮ್ಯಾಲ ಹೇಳಿದ್ನಲ್ಲ, ಬಿಲ್ಲ್ಯಾಗಽ ಪೂರ್ತಿ ಕ್ರಿಸ್ತ ಅಂತ, ವೈನಿನ್ಯಾಗೂ ಪೂರ್ತೀನ. ಅದಕ್ಕ ಪರವಾನಿಗಿ ಐತಿ. ಒಂದು ಮಾತು ಮಾತ್ರ ನೆಪ್ಪಿಡ್ರಿ, ಗುರುಗಳು ದೊಡ್ಡ ಬಿಲ್ಲೆ ಮುರದು ಒಂದು ಚೂರು ತಮ್ಮ ಬಟ್ಟಲದಾಗ ಹಾಕ್ತಾರ, ಹಂಗಾಗಿ ಆ ಬಟ್ಟಲಾ ಆಕಿಗೆ ನಡ್ಯಂಗಿಲ್ಲ. ಬ್ಯಾರೆ ಸಣ್ಣ ಬಟ್ಟಲಾ ಪೀಠದ ಮ್ಯಾಲ ಇಡ್ರಿ, ಅದ್ದೂದೂ ಬ್ಯಾಡ, ಚೂರು ಹಾಕೂದೂ ಬ್ಯಾಡ ಅಂತ ಮೊದಲಽ ಹೇಳ್ರಿ. ಮಗಳು ಸಣ್ಣಾಕಿ ಅಂತ ವೈನ್ ಬ್ಯಾಡ ಅನ್ನಿಸಿದ್ರ ಮುಸ್ತುಮಿಗೆ ಬಿಷಪ್ಪರಿಗೆ ಅರ್ಜಿ ಬರೀರಿ, ಡಾಕ್ಟರ ಚೀಟಿ ಜೋಡಸ್ರಿ. ಪೂಜಿ ದಿನ ಹೇಳಿದ್ರ ಗಡಬಡ ಆಗ್ತೈತಿ, ತರಬೇತಿ ಸುರು ಆಗೂ ಮುಂಚೇನ ಗುರುಗಳ ಕೂಡ ಮಾತಾಡ್ರಿ.

ಖಣದ_ಕುಬಸ
ನಮ್ಮ ಸಭ್ಯಾಗೂ ಒಬ್ಬ ಹುಡಗಗ ಹಂಗಽ ಐತಿ, ಅಕ್ಕಿ ಹಿಟ್ಟಿನ ತುಂಡು ಬ್ಯಾರೆ ತಟ್ಟ್ಯಾಗ ಇಡ್ತಾರ, ನಮಗ ಆ ಕಾಯ್ದೆ ಇಲ್ಲ. ಆದ್ರ ಬ್ರೆಡ್ ಮುಟ್ಟಿದ ಕೈಲೇ ಅದನ್ನ ಮುಟ್ಟಬ್ಯಾಡ್ರಿ ಅಂತ ಪ್ರತಿ ತಿಂಗಳೂ ನೆನಪು ಮಾಡಬೇಕು, ಮಂದಿ ಮರೀತಾರ. ನೀವೂ ಅದೊಂದು ನೋಡ್ಕೋರಿ ಅಕ್ಕಾರ.

ಶಹಾಪುರ_ಬೀದಿ
ಭಾಳ ಉಪಕಾರ ಆತ್ರಿ ಇಬ್ಬರದೂ. ಬ್ಯಾರೆ ಬಟ್ಟಲದ ಸುದ್ದಿ ನನಗ ಯಾರೂ ಹೇಳಿರಲಿಲ್ಲ. ಮಗಳು ಇಲ್ಲೇ ಬಾಜೂಕ ಕುಂತು ಓದಾಕತ್ಯಾಳ, ಚರ್ಚಿನ ವೈನ್ ಕಹಿ ಇರ್ತೈತೇನ್ ಕೇಳವ್ವ ಅಂತಾಳ.

ಕ್ಯಾಂಪ್_ಕಟ್ಟಿ
ನಾ ಕುಡದದ್ದು ಸಿಹೀನ ಇತ್ತು ಅಂತ ಹೇಳ್ರಿ. ಒಂದು ಗುಟುಕಿಗಿಂತ ಜಾಸ್ತಿ ಸಿಗಂಗಿಲ್ಲ ಅಂತನೂ ಹೇಳ್ರಿ.